ಕಂಬ ಸುತ್ತಿ ಬರುವ ಹುಡುಗಿ

ಈ ಹೊಳೆದಂಡೆಯಲ್ಲಿ ಬಾಸ್ಕೆಟ್‌ಬಾಲಿನ ಮೊದಲ ಕಂಬ ನೆಟ್ಟವನು ನಾನು.

ಎಂಟು ಆಳು ಸೇರಿದರೂ ಅಲುಗದ ಕಬ್ಬಿಣದ ಕಂಬ. ದೋಣಿಗೆ ಹಾಕಿದರೆ ದೋಣಿ ಮುಳುಗುತ್ತೆ ಅಂದರು. ಹೆಗಲ ಮೇಲೆ ಇಟ್ಟುಕೊಂಡೆ, ಎದೆಮಟ್ಟದ ನೀರಿನಲ್ಲಿ ಒಬ್ಬನೇ ನಡೆದು ಬಂದೆ. ನಡುಹೊಳೆಯಲ್ಲಿ ನಿಂತು ಒಂದು ಬೀಡಿಯನ್ನೂ ಸೇದಿದೆ.

ಕಣ್ಣಾರೆ ಕಂಡವರು ಮೂವರು. ಆಗಿನ ಪ್ರಿನ್ಸಿಪಾಲರು, ಅಂಬಿಗ, ಅಂಬಿಗನ ಎಮ್ಮೆ. ಮೂವರೂ ಈಗಿಲ್ಲ.

ನಾನು ಕೆಂಚಯ್ಯ. ಮಹಿಳಾ ಕಾಲೇಜಿನ ಮೈದಾನದ ಜವಾನನಾಗಿದ್ದೆ. ನಲವತ್ತು ವರ್ಷ ಆ ಮಣ್ಣಿನ ಅಂಕಣಕ್ಕೆ ದಿನಾ ಬೆಳಗ್ಗೆ ಸುಣ್ಣದ ಗೆರೆ ಹಾಕಿದೆ. ಶಾಲೆಯ ಮುಖ ಕಂಡವನಲ್ಲ. ಸ್ಕೋರ್ ಬೋರ್ಡ್ ನೋಡಿ ಮೊದಲು ಅಂಕಿ ಕಲಿತೆ, ಆಮೇಲೆ ಅಕ್ಷರ ಕಲಿತೆ.

ಈಗಲೂ ಸಂಜೆ ಹೋಗಿ ಮೈದಾನದ ಮೆಟ್ಟಿಲ ಮೇಲೆ ಕೂರುತ್ತೇನೆ. ಮೊನ್ನೆ ಅಫ್ರೀನ್ ಬಂದು ಪಕ್ಕದಲ್ಲಿ ಕೂತಳು. ಹಾಸ್ಟೆಲಿನ ಹುಡುಗಿ, ಮೊದಲ ವರ್ಷದವಳು. ಎರಡು ಮಂಡಿಗೂ ಪಟ್ಟಿ ಕಟ್ಟಿಕೊಂಡಿದ್ದಳು.

"ತಾತ, ನಾನು ಬಿಟ್ಟು ಹೋಗ್ತೀನಿ," ಅಂದಳು.

"ಯಾಕವ್ವ?"

"ಬೆಳಗ್ಗೆ ಐದಕ್ಕೆ ಓಡು. ಆಮೇಲೆ ಕ್ಲಾಸು. ಸಂಜೆ ಮತ್ತೆ ಓಡು. ಮೂರು ತಿಂಗಳಾಯ್ತು, ಕೋಚ್ ಒಂದು ಸಲಾನೂ ಚೆನ್ನಾಗಿ ಆಡಿದೆ ಅಂದಿಲ್ಲ."

"ನಿಮ್ಮ ಕೋಚು ಒಳ್ಳೇವರು. ಆಗಾಗ ಮೊಬೈಲ್ ನೋಡ್ತಾರೆ, ನಿಮಗೆ ಉಸಿರಾಡೋಕೆ ಬಿಡುವು ಸಿಗುತ್ತೆ. ವಾರಿಜಾ ಮೇಡಂ ಹುಡುಗಿಯರನ್ನ ಬಿಟ್ಟು ಬೇರೆ ಏನನ್ನೂ ನೋಡ್ತಿರಲಿಲ್ಲ."

"ಅವರು ಯಾರು?"

ಕೇಳಿದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹೇಳಿದೆ.

ವಾರಿಜಾ ಮೇಡಂ ಆಗ ಇಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಒಣಕಲು ದೇಹ, ಬಿಳಿ ಸೀರೆ, ಕೊರಳಲ್ಲಿ ಸೀಟಿ. ಆ ಸೀಟಿ ಊದಿದ್ದನ್ನು ನಾನು ಕೇಳಿಲ್ಲ. ಅವರು ಕೆಮ್ಮಿದರೆ ಹದಿನಾರು ಹುಡುಗಿಯರೂ ನಿಂತುಬಿಡುತ್ತಿದ್ದರು. ಹೊಳೆಯ ಮೀನೂ ನಿಲ್ಲುತ್ತಿತ್ತು.

ಬೆನ್ನು ತಿರುಗಿಸಿ ಕೂತು, ಚೆಂಡು ನೆಲಕ್ಕೆ ಬಡಿಯುವ ಸದ್ದು ಕೇಳಿಯೇ, "ಲಿಲ್ಲಿ, ಬೆಳಗ್ಗೆ ತಿಂಡಿ ಬಿಟ್ಟಿದ್ದೀಯ," ಅನ್ನುತ್ತಿದ್ದರು. ಅದು ನಿಜವಾಗಿರುತ್ತಿತ್ತು.

ಅದು ಎಪ್ಪತ್ತೊಂಬತ್ತನೇ ಇಸವಿ. ಆಗ ಕಾಲೇಜು ಕಮಿಟಿಯವರ ನಿಯಮ ಒಂದಿತ್ತು. ಬಾಸ್ಕೆಟ್‌ಬಾಲಿಗೆ ಅಂತ ಹದಿನಾರು ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಜಾಗ, ಊಟ, ಓದು ಎಲ್ಲ ಪುಕ್ಕಟೆ. ದಸರೆಯ ಪಂದ್ಯದಲ್ಲಿ ಕಪ್ ಗೆದ್ದರೆ ಹದಿನಾರೂ ಜನ ಉಳಿಯಬಹುದು. ಸೋತರೆ ಹತ್ತೇ ಜನ. ಉಳಿದ ಆರು ಜನ ಟ್ರಂಕು ಎತ್ತಬೇಕು.

ಹದಿನಾರನೆಯವಳಾಗಿ ಬಂದಳು ದೇವೀರಿ.

ದೋಣಿ ಇಳಿಯುವಾಗಲೇ ನನ್ನನ್ನು ಕೇಳಿದಳು. "ಅಣ್ಣ, ಇಲ್ಲಿಂದ ವಾಪಸ್ ಕಳಿಸ್ತಾರಂತೆ, ಹೌದಾ?"

"ಆಡಿದ್ರೆ ಕಳಿಸಲ್ಲ."

"ಆಡ್ತೀನಿ. ಖೊಖೊದಲ್ಲಿ ನಾನು ಜಿಲ್ಲೆಗೇ ಮೊದಲು. ನನ್ನ ಕೈಗೆ ಸಿಗದೆ ಓಡಿದೋರು ಯಾರೂ ಇಲ್ಲ."

"ಇದು ಖೊಖೊ ಅಲ್ಲವಲ್ಲ ತಾಯಿ."

"ಓಡೋದು ಅಂದ್ರೆ ಓಡೋದೇ ತಾನೆ?"

ಮೇಡಂ ಅವಳನ್ನು ನೋಡಿದರು. ಕಾಲಿನಿಂದ ಮೇಲಕ್ಕೆ ನೋಡುವ ಅಭ್ಯಾಸ ಅವರದು. ಮುಖಕ್ಕೆ ಬರುವಷ್ಟರಲ್ಲಿ ಅವರ ನೋಟ ಮುಗಿದಿರುತ್ತಿತ್ತು.

"ಏನು ಮಾಡ್ಲಿ ಮೇಡಂ?" ಅಂದಳು ದೇವೀರಿ.

"ನಿಲ್ಲು."

ನಿಂತಳು. ಬೆಳಗಿನ ಆಟ ಮುಗಿಯಿತು. ಹುಡುಗಿಯರು ಕ್ಲಾಸಿಗೆ ಹೋದರು. ಅವಳು ನಿಂತೇ ಇದ್ದಳು. ಮಧ್ಯಾಹ್ನ ಮೇಡಂ ಊಟ ಮುಗಿಸಿ ಆ ಕಡೆ ಬಂದರು.

"ಇನ್ನೂ ಯಾಕೆ ನಿಂತಿದ್ದೀಯ?"

"ನೀವೇ ನಿಲ್ಲು ಅಂದ್ರಿ."

"ಸರಿ. ಕಾಲು ಮಾತು ಕೇಳುತ್ತೆ. ಸಂಜೆ ಬಾ."

ಆ ಸಂಜೆ ಎಂಟೆಂಟು ಜನರ ಎರಡು ಗುಂಪು ಮಾಡಿ ಅವಳನ್ನೂ ಆಟಕ್ಕೆ ಬಿಟ್ಟರು. ಬಿಟ್ಟದ್ದೇ ತಡ, ಬಾಣದ ಹಾಗೆ ಹೋದಳು. ನಾನು ಎಷ್ಟೋ ಓಟ ಕಂಡವನು. ಅವಳು ಹೋದ ಮೇಲೆ ಅವಳ ನೆರಳು ಹಿಂದಿನಿಂದ ಬಂದು ಸೇರಿಕೊಂಡಿತು.

"ತಾತ!" ಅಂದಳು ಅಫ್ರೀನ್.

"ನೆರಳು ಸ್ವಲ್ಪ ತಡವಾಯ್ತು ಅಷ್ಟೆ. ಕೇಳು."

ಅವಳು ಮುಂದೆ ಓಡಿದಾಗ ಚೆಂಡು ಎದುರು ಗುಂಪಿನವರ ಕೈಗೆ ಹೋಯಿತು. ಎಲ್ಲರೂ ಹಿಂದಕ್ಕೆ ತಿರುಗಿದರು. ದೇವೀರಿ ತಿರುಗಲಿಲ್ಲ. ಮುಂದೆಯೇ ಓಡಿದಳು. ಅಂಕಣದ ಗೆರೆ ದಾಟಿ, ಬುಟ್ಟಿ ನೇತುಹಾಕಿದ್ದ ಕಂಬದ ಹಿಂದೆ ಹೋಗಿ, ಅದನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ಹಾಕಿ, ಆಮೇಲೆ ಈ ಕಡೆಗೆ ಬಂದಳು.

ಬರುವಷ್ಟರಲ್ಲಿ ಇಲ್ಲಿ ಚೆಂಡು ಬುಟ್ಟಿಗೆ ಬಿದ್ದಾಗಿತ್ತು.

ಮತ್ತೆ ಹಾಗೇ ಆಯಿತು. ಮೂರನೇ ಸಲವೂ ಆಯಿತು.

ಖೊಖೊದಲ್ಲಿ ಅಟ್ಟಿಸಿಕೊಂಡು ಹೋಗುವವಳು ನಡುವೆ ಹಿಂದಕ್ಕೆ ತಿರುಗುವ ಹಾಗಿಲ್ಲ. ತಿರುಗಿದರೆ ಫೌಲು. ಕಂಬ ಸುತ್ತಿದ ಮೇಲೇ ಈ ಕಡೆಗೆ ಮುಖ ಮಾಡಬೇಕು. ಎಂಟು ವರ್ಷ ಅದನ್ನೇ ಆಡಿದ ಕಾಲು ಅವಳದು.

ಕ್ಯಾಪ್ಟನ್ ಲಿಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪ್ರದಕ್ಷಿಣೆ ಆಯ್ತೇನೇ? ತೀರ್ಥ ತಗೊಂಡು ಹೋಗು!"

ಅವತ್ತಿನಿಂದ ಅವಳ ಹೆಸರು ಪ್ರದಕ್ಷಿಣೆ ಅಂತಲೇ ಆಯಿತು. ಊಟದ ಮನೆಯಲ್ಲಿ, "ಪ್ರದಕ್ಷಿಣೆಗೆ ಇನ್ನೊಂದು ಮುದ್ದೆ ಹಾಕ್ರೇ," ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಮೊದಲ ವಾರ.

ಮೇಡಂ ಅವಳನ್ನು ಕರೆದು ಕೇಳಿದರು. "ಯಾಕೆ ಸುತ್ತಿದೆ?"

"ತಿರುಗಿದ್ರೆ ಫೌಲು ಅನ್ಸುತ್ತೆ ಮೇಡಂ."

"ಇಲ್ಲಿ ಫೌಲಾ?"

"ಅಲ್ಲ."

"ಗೊತ್ತಲ್ಲ?"

"ಗೊತ್ತು."

"ನಿನಗೆ ಗೊತ್ತು. ಕಾಲಿಗೆ ಯಾರು ಹೇಳಬೇಕು?"

"ನೀವು ಹೇಳಿ ಮೇಡಂ."

"ನನ್ನ ಮಾತು ಅದು ಒಂದು ಸಲ ಕೇಳಿತು, ನಿಲ್ಲು ಅಂದಾಗ. ಅಷ್ಟೇ."

ಮರುದಿನ ಬೆಳಗ್ಗೆ ಮೇಡಂ ನನ್ನನ್ನು ಕರೆದರು. "ಕೆಂಚಯ್ಯ, ಎರಡು ಕಂಬದ ಸುತ್ತಲೂ ಜಾಲಿಮುಳ್ಳು ಹಾಕು."

"ಮಕ್ಕಳು ಬರಿಗಾಲಲ್ಲಿ ಆಡ್ತವೆ ಮೇಡಂ."

"ಅದಕ್ಕೇ ಹೇಳಿದ್ದು."

ಹಾಕಿದೆ. ದೇವೀರಿ ಓಡಿದಳು. ಮೊದಲ ಸುತ್ತಿನಲ್ಲೇ ಮುಳ್ಳಿನೊಳಗೆ ಹೊಕ್ಕು ಬಂದಳು. ಎರಡು ಪಾದದಲ್ಲೂ ರಕ್ತ. ಎರಡನೇ ಸಲ ಮುಳ್ಳನ್ನು ಕಂಡಳು. ಈಗ ತಿರುಗುತ್ತಾಳೆ ಅಂದುಕೊಂಡೆ. ಅವಳು ಮುಳ್ಳಿನ ಆಚೆಯಿಂದ ಸುತ್ತಿದಳು. ಸುತ್ತು ದೊಡ್ಡದಾಯಿತು.

ಮೇಡಂ ನನ್ನ ಕಡೆ ತಿರುಗಿದರು.

"ತೆಗೆದುಬಿಡು ಕೆಂಚಯ್ಯ. ಈ ತಪ್ಪು ನನ್ನದು."

ಆಮೇಲೆ ಅವಳ ಎಡಗಾಲಿನ ಸುತ್ತ ಸುಣ್ಣದಲ್ಲಿ ಒಂದು ಬಳೆ ಬರೆಯಲು ಹೇಳಿದರು. ಎಡಗಾಲು ಆ ಬಳೆಯೊಳಗೇ ಇರಬೇಕು. ಬಲಗಾಲು ಸುತ್ತ ಎಲ್ಲಿಗೆ ಬೇಕಾದರೂ ಹೋಗಬಹುದು. ಮುಂದೆ, ಹಿಂದೆ, ಮತ್ತೆ ಮುಂದೆ.

"ಚೆಂಡು ಮೇಡಂ?" ಅಂದಳು ದೇವೀರಿ.

"ಯಾಕೆ? ಚೆಂಡಿಗೆ ತಿರುಗೋಕೆ ಬರುತ್ತೆ."

ಒಂದು ತಿಂಗಳು ಅವಳಿಗೆ ಚೆಂಡು ಮುಟ್ಟಿಸಲಿಲ್ಲ. ಬೇರೆಯವರು ಆಡುತ್ತಿದ್ದರು. ಅವಳು ಮೂಲೆಯಲ್ಲಿ ಆ ಬಳೆಯೊಳಗೆ ಕಾಲಿಟ್ಟು ತಿರುಗುತ್ತಿದ್ದಳು. ನಿಂತಲ್ಲೇ ತಿರುಗಲು ಬಂತು. ಓಡುತ್ತಾ ಬಂದರೆ ಮತ್ತೆ ಕಂಬಕ್ಕೇ ಹೋಗುತ್ತಿದ್ದಳು.

ನೆಲ ಅಲ್ಲಿ ಬಟ್ಟಲಿನ ಹಾಗೆ ಕುಳಿಬಿತ್ತು. ಮಳೆ ಬಂದಾಗ ಅದರಲ್ಲಿ ನೀರು ನಿಂತು ಎರಡು ಕಪ್ಪೆ ಸಂಸಾರ ಹೂಡಿದವು.

ಓದಿನ ಪಾಡು ಕೇಳಬೇಡ. ಬೆಳಗಿನ ಆಟ ಮುಗಿಸಿ ಕ್ಲಾಸಿಗೆ ಹೋದರೆ ನಿದ್ದೆ. ಮೇಷ್ಟ್ರು ಎಬ್ಬಿಸಿ ನಿಲ್ಲಿಸುತ್ತಿದ್ದರು. ಅವಳು ನಿಂತು, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದಳು. ಇಷ್ಟು ಗಮನವಿಟ್ಟು ಕೇಳುವ ಹುಡುಗಿಯನ್ನು ನೋಡೇ ಇಲ್ಲ ಅಂತ ಮೇಷ್ಟ್ರು ಅವಳಿಗೊಂದು ಪೆನ್ನು ಕೊಟ್ಟರು.

"ಇದು ಸುಳ್ಳು," ಅಂದಳು ಅಫ್ರೀನ್.

"ಪೆನ್ನು ನಾನು ನೋಡಿದ್ದೀನಿ. ಹಸಿರು ಬಣ್ಣದ್ದು."

ಒಂದು ಸಂಜೆ ನಾನು ಹೊಳೆಯಲ್ಲಿ ಸುಣ್ಣದ ಡಬ್ಬ ತೊಳೆಯುತ್ತಿದ್ದೆ. ದೇವೀರಿ ಬಂದು ಮೆಟ್ಟಿಲ ಮೇಲೆ ಕೂತಳು. ಈಗ ಅವಳು ನಗುತ್ತಿರಲಿಲ್ಲ.

"ಕೆಂಚಣ್ಣ, ನಮ್ಮೂರು ಯಾವ ಕಡೆ ಬರುತ್ತೆ?"

ತೋರಿಸಿದೆ.

"ಸದ್ಯ, ಇಲ್ಲಿಂದ ಕಾಣಲ್ಲ," ಅಂದಳು.

ಅವರ ಮನೆಯಲ್ಲಿ ರೇಷ್ಮೆ ಬಿಚ್ಚುವ ಕಸುಬು. ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ಗೂಡು. ಕೈ ಹಾಕಿ ಎಳೆ ಹುಡುಕಿ ತೆಗೆಯಬೇಕು. ಬೆಳಗಿನಿಂದ ಸಂಜೆಯ ತನಕ. ಇವಳ ಅಕ್ಕ ಅಲ್ಲಿ ಕೂತಿದ್ದಳು. ಇವಳ ಜಾಗ ಅವಳ ಪಕ್ಕದಲ್ಲಿ ಖಾಲಿ ಇತ್ತು.

"ನಮ್ಮವ್ವ ಹೆಬ್ಬೆಟ್ಟು ಒತ್ತಿದ್ರೆ ಬರೀ ಮಸಿ ಬರುತ್ತೆ ಕೆಂಚಣ್ಣ. ಗೆರೆ ಬರಲ್ಲ. ಬಿಸಿನೀರಲ್ಲಿ ಎಲ್ಲ ಬೆಂದುಹೋಗಿದೆ. ಇಲ್ಲಿ ಸೇರಿಸೋಕೆ ಬಂದಾಗ ಆಫೀಸಿನೋರು ನಾಕು ಸಲ ಒತ್ತಿಸಿದ್ರು. ಹೀಗಾದ್ರೆ ಇದು ಯಾರ ಹೆಬ್ಬೆಟ್ಟು ಅಂತ ಹೇಗೆ ಹೇಳೋದು ಅಂದ್ರು."

ತನ್ನ ಬೆರಳುಗಳನ್ನು ಬೆಳಕಿಗೆ ಹಿಡಿದಳು. ಅವಳ ಬೆರಳಿನಲ್ಲಿ ಇನ್ನೂ ಗೆರೆ ಇತ್ತು. ಸಣ್ಣಗೆ.

"ನಾನು ಇಲ್ಲೇ ಇರಬೇಕು," ಅಂದಳು.

ನನಗೆ ಮಾತೇ ಹೊರಡಲಿಲ್ಲ. ನನಗೆ ಹಾಗಾದದ್ದು ಜೀವನದಲ್ಲಿ ಅದೊಂದೇ ಸಲ.

ಮರುದಿನ ಅವಳು ಮೇಡಂ ಹತ್ತಿರ ಹೋದಳು. ನಾನು ಅಲ್ಲೇ ಬುಟ್ಟಿಯ ಬಲೆ ಹೊಲಿಯುತ್ತಿದ್ದೆ.

"ಮೇಡಂ, ನಾನು ಯಾವಾಗ ಕಲಿತೀನಿ?"

"ನೀನು ಕಲಿಯಲ್ಲ."

"ಹಾಗಾದ್ರೆ ಹೋಗ್ಲಾ?"

"ಹೋಗು ಅಂದೆನಾ?"

"ಕಲಿಯಲ್ಲ ಅಂದ ಮೇಲೆ ಇದ್ದು ಏನು ಮಾಡ್ಲಿ?"

"ಕೆಂಚಯ್ಯನಿಗೆ ವಯಸ್ಸಾಗ್ತಾ ಬಂತು. ನಾಳೆಯಿಂದ ಗೆರೆ ನೀನು ಹಾಕು."

ನನಗೆ ಆಗ ಮೂವತ್ತೆರಡು. ಹುಲಿಯ ಹಾಗಿದ್ದೆ. ಆದರೂ ಡಬ್ಬ ಕೊಟ್ಟೆ.

ಗೆರೆ ಹಾಕುವುದು ಸುಮ್ಮನೆ ಅಲ್ಲ. ಮೊದಲು ಹಗ್ಗ ಎಳೆದು ಗೂಟಕ್ಕೆ ಕಟ್ಟಬೇಕು. ತೂತು ಮಾಡಿದ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ, ಬಗ್ಗಿ, ಹಗ್ಗದ ಗುಂಟ ಅಲ್ಲಾಡಿಸುತ್ತಾ ಹೋಗಬೇಕು. ಮೂಲೆ ಬಂದಾಗ ನಿಂತರೆ ಸುಣ್ಣ ಗುಡ್ಡೆ ಬೀಳುತ್ತೆ. ಆಚೆ ಹೋದರೆ ಗೆರೆ ಕೆಡುತ್ತೆ. ಹೋಗುತ್ತಿರುವಾಗಲೇ ಒಂದು ಕಾಲು ಊರಿ ತಿರುಗಿಬಿಡಬೇಕು.

ಹತ್ತು ದಿನ ಕಳೆಯಿತು. ಹನ್ನೊಂದನೆಯ ಬೆಳಗ್ಗೆ ಮೇಡಂ ನನ್ನ ಪಕ್ಕ ಬಂದು ನಿಂತರು.

"ನೋಡು," ಅಂದರು ಮೆಲ್ಲಗೆ.

ದೇವೀರಿ ಬಗ್ಗಿಕೊಂಡು ಬೇಗಬೇಗ ಬರುತ್ತಿದ್ದಳು. ಮೂಲೆ ಬಂತು. ಎಡಗಾಲು ಊರಿದಳು, ತಿರುಗಿದಳು, ಹೋದಳು. ಸುಣ್ಣ ಒಂದು ಚಿಟಿಕೆ ಹೆಚ್ಚು ಬೀಳಲಿಲ್ಲ. ಇನ್ನೊಂದು ಮೂಲೆಯಲ್ಲೂ ಹಾಗೇ. ನಾಲ್ಕರಲ್ಲೂ ಹಾಗೇ.

"ಅಯ್ಯೋ, ತಿರುಗ್ತಾಳೆ ಮೇಡಂ!"

"ಅವಳಿಗೆ ಗೊತ್ತಿಲ್ಲ. ಹೇಳಬೇಡ."

"ಹೇಳಿದ್ರೆ ಸಂತೋಷಪಡುತ್ತೆ ಪಾಪ."

"ಕೆಂಚಯ್ಯ, ಒಂದು ತಿಂಗಳು ಬಾಯಿ ಮುಚ್ಚಿಕೊಂಡಿರು. ದಸರೆಯ ತನಕ."

ನಾನು ಎರಡು ದಿನ ಮುಚ್ಚಿಕೊಂಡಿದ್ದೆ.

ಮೂರನೆಯ ದಿನ ದೇವೀರಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಸದ್ದಿಲ್ಲದೆ, ಸೆರಗು ಬಾಯಿಗೆ ತುರುಕಿಕೊಂಡು. ನನ್ನ ಕೈಯಲ್ಲಿ ತಡೆಯಲು ಆಗಲಿಲ್ಲ.

"ಅಳಬೇಡ ಕೂಸೇ. ನಿನಗೆ ತಿರುಗೋಕೆ ಬರುತ್ತೆ. ದಿನಾ ನಾಲ್ಕು ಮೂಲೇಲೂ ತಿರುಗ್ತಿದ್ದೀಯ. ಮೇಡಂ ನೋಡಿದ್ದಾರೆ."

ಅವಳು ಮುಖ ಎತ್ತಿದಳು. "ನಿಜವಾ?"

"ನನ್ನಾಣೆ."

ಮರುದಿನ ಬೆಳಗ್ಗೆ ಡಬ್ಬ ಹಿಡಿದು ಹೊರಟಳು. ಮೂಲೆ ಬಂತು. ಅವಳು ತನ್ನ ಕಾಲನ್ನು ನೋಡಿಕೊಂಡಳು. ಮೂಲೆ ದಾಟಿ ಮೂರು ಹೆಜ್ಜೆ ಹೋದಳು. ಡಬ್ಬ ಕೈಜಾರಿ ಸುಣ್ಣವೆಲ್ಲ ನೆಲಕ್ಕೆ ಚೆಲ್ಲಿತು.

ಮೇಡಂ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆ.

"ತಾತ, ಯಾಕೆ ಹೇಳಿದ್ರಿ?" ಅಂದಳು ಅಫ್ರೀನ್.

"ಬಾಯಿ ಇತ್ತಲ್ಲವ್ವ, ಅದಕ್ಕೆ."

"ಆಮೇಲೆ?"

ದಸರೆಗೆ ವಾರ ಇದೆ ಅನ್ನುವಾಗ ಲೀಲಾವತಿ ಅನ್ನುವ ಹುಡುಗಿಗೆ ಟೈಫಾಯಿಡ್ ಬಂತು. ಹತ್ತು ಜನರ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಮೇಡಂ ದೇವೀರಿಯ ಹೆಸರು ಬರೆದರು.

ಲಿಲ್ಲಿ ಕೇಳಿಯೇಬಿಟ್ಟಳು. "ಪ್ರದಕ್ಷಿಣೆನಾ ಮೇಡಂ? ಬೇರೆ ಯಾರೂ ಸಿಗಲಿಲ್ವಾ?"

"ಎಲ್ಲರಿಗಿಂತ ಮೊದಲು ಅಂಕಣಕ್ಕೆ ಬರೋಳು ಅವಳು."

"ಗೆರೆ ಹಾಕೋಕೆ ಬರ್ತಾಳೆ."

"ನೀನು ಅದಕ್ಕೂ ಬರಲ್ಲ."

ಫೈನಲ್ ತನಕ ದೇವೀರಿ ಬೆಂಚಿನ ಮೇಲೇ ಕೂತಿದ್ದಳು. ಫೈನಲ್ಲಿನಲ್ಲಿ ರೆಫರಿ ನಮ್ಮ ಮೇಲೆ ಫೌಲಿನ ಮೇಲೆ ಫೌಲು ಹಾಕಿದ. ಐದು ಫೌಲಾದವರು ಒಬ್ಬೊಬ್ಬರೇ ಹೊರಗೆ ಬಂದರು. ಒಬ್ಬಳ ಕಾಲು ಉಳುಕಿತು. ಕೊನೆಯ ನಿಮಿಷದಲ್ಲಿ ಲಿಲ್ಲಿಯೂ ಹೊರಗೆ. ಬೆಂಚಿನಲ್ಲಿ ದೇವೀರಿ ಒಬ್ಬಳೇ ಉಳಿದಿದ್ದಳು.

ಎದುರಾಳಿ ಐವತ್ತೊಂದು. ನಾವು ನಲವತ್ತೊಂಬತ್ತು.

ದೇವೀರಿ ಎದ್ದು ನಿಂತಳು. "ಏನು ಮಾಡ್ಲಿ ಮೇಡಂ?"

"ಓಡು."

ಓಡಿದಳು. ನಮ್ಮವರು ಚೆಂಡು ಬಡಿಯುತ್ತಾ ಹಿಂದಿನಿಂದ ಬರುತ್ತಿದ್ದರು. ಎದುರಾಳಿ ಹುಡುಗಿ ಅದನ್ನು ಕಿತ್ತುಕೊಂಡಳು. ದೇವೀರಿ ಆಗಲೇ ಮುಂದೆ ಹೋಗಿಬಿಟ್ಟಿದ್ದಳು. ಮುಂದೆ ಕಂಬ. ಲಿಲ್ಲಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ದೇವೀರಿ ಎಡಗಾಲು ಊರಿದಳು.

ತಿರುಗಿದಳು ನೋಡು! ಬುಗುರಿ! ಅವಳ ಕಾಲಡಿಯಿಂದ ಎದ್ದ ಧೂಳು ಮೊದಲ ಸಾಲಿನಲ್ಲಿ ಕೂತವರ ಕಣ್ಣಿಗೆ ಬಿತ್ತು. ಹಾರಿ ಹೋಗಿ ಆ ಹುಡುಗಿಯ ಕೈಯಿಂದ ಚೆಂಡು ಕಸಿದಳು. ಮತ್ತೆ ತಿರುಗಿದಳು. ಸಮಯವಿರಲಿಲ್ಲ. ಇದ್ದಲ್ಲಿಂದಲೇ ಎಸೆದಳು. ಆ ದೂರದ ದೊಡ್ಡ ಬಿಲ್ಲುಗೆರೆ ಇದೆಯಲ್ಲ, ಅದರ ಆಚೆಯಿಂದ. ಚೆಂಡು ಮೋಡದ ತನಕ ಹೋಯಿತು. ಒಂದು ಹದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬುಟ್ಟಿಯೊಳಗೆ ಬಿತ್ತು. ಮೂರು ಪಾಯಿಂಟ್! ಐವತ್ತೆರಡು, ಐವತ್ತೊಂದು! ಕಪ್ ನಮ್ಮದು! ಹುಡುಗಿಯರೆಲ್ಲ ಅವಳನ್ನು ಹೊತ್ತುಕೊಂಡು ಕುಣಿದರು.

ಅಫ್ರೀನ್ ಕುಣಿಯಲಿಲ್ಲ. ಮಂಡಿಯ ಪಟ್ಟಿ ಸರಿಮಾಡಿಕೊಂಡಳು.

"ತಾತ, ಎಷ್ಟನೇ ಇಸವಿ ಅಂದ್ರಿ?"

"ಎಪ್ಪತ್ತೊಂಬತ್ತು."

"ಆ ಬಿಲ್ಲುಗೆರೆ ಯಾರು ಹಾಕಿದ್ದು?"

"ಗೆರೆ ಹಾಕೋರು ಎಲ್ಲೆಲ್ಲೂ ಇರ್ತಾರವ್ವ. ಇಲ್ಲಿ ನಾನು, ಅಲ್ಲಿ ಯಾರೋ."

"ಯಾರೂ ಹಾಕಿರೋಕೆ ಆಗಲ್ಲ. ನಾನು ರೆಫರಿ ಪರೀಕ್ಷೆಗೆ ಓದ್ತಿದ್ದೀನಿ. ಮೂರು ಪಾಯಿಂಟಿನ ಗೆರೆ ಬಂದದ್ದೇ ಎಂಬತ್ತನಾಲ್ಕರಲ್ಲಿ. ಅದಕ್ಕೆ ಮುಂಚೆ ಎಷ್ಟು ದೂರದಿಂದ ಹಾಕಿದ್ರೂ ಎರಡೇ."

ನಾನು ಜೇಬಿನಲ್ಲಿ ಬೀಡಿ ಹುಡುಕಿದೆ.

"ಎರಡಾದ್ರೆ ಸಮ ಆಗ್ತಿತ್ತು, ಗೆಲ್ತಿರಲಿಲ್ಲ." ಅವಳು ನನ್ನ ಮುಖವನ್ನೇ ನೋಡಿದಳು. "ಅಥವಾ ಬೀಳಲೇ ಇಲ್ವಾ ತಾತ?"



ಅವಳು ಎದ್ದು ಹೋಗಲಿಲ್ಲ. ಅದಕ್ಕೇ ಉಳಿದದ್ದನ್ನೂ ಹೇಳಿದೆ.

ಚೆಂಡು ರಿಂಗಿನ ಮೇಲೆ ಎರಡು ಸಲ ಬಡಿದು ಹೊರಗೆ ಬಿತ್ತು. ಗಂಟೆ ಹೊಡೆಯಿತು.

"ಸುತ್ತದೆ ತಿರುಗಿದ್ದು?"

"ಅದು ಸುಳ್ಳಲ್ಲ."

ಬಸ್ಸಿನಲ್ಲಿ ವಾಪಸು ಬಂದೆವು. ಮೂರು ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಹತ್ತು ಹೆಸರು ಬಂತು. ಅದನ್ನು ಬರೆದವರು ಕಮಿಟಿಯವರಲ್ಲ, ಮೇಡಂ ಅವರೇ. ಲೀಲಾವತಿಯ ಹೆಸರಿತ್ತು. ದೇವೀರಿಯದು ಇರಲಿಲ್ಲ.

ಅವಳ ಟ್ರಂಕು ನಾನೇ ಹೊತ್ತು ದೋಣಿಗಿಟ್ಟೆ. ಹಗುರವಾಗಿತ್ತು. ಮೇಡಂ ದಂಡೆಯ ತನಕ ಬಂದರು. ಬೇರೆ ಯಾರನ್ನು ಕಳಿಸುವಾಗಲೂ ಅವರು ಅಲ್ಲಿಯ ತನಕ ಬಂದದ್ದನ್ನು ನಾನು ಕಂಡಿಲ್ಲ.

"ಲೀಲಾವತಿ ನನಗಿಂತ ಚೆನ್ನಾಗಿ ಆಡ್ತಾಳೆ ಮೇಡಂ," ಅಂದಳು ದೇವೀರಿ.

"ಹೌದು."

"ನಾನು ತಿರುಗಿದ್ದು ನೋಡಿದ್ರಾ?"

"ನೋಡಿದೆ."

"ಸರಿಯಾಗಿತ್ತಾ?"

"ಸರಿಯಾಗಿತ್ತು."

ಅವಳು ದೋಣಿಯೊಳಗೆ ಒಂದು ಕಾಲಿಟ್ಟಳು. ಇನ್ನೊಂದನ್ನು ಎತ್ತಲಿಲ್ಲ.

"ನಾಲ್ಕು ತಿಂಗಳು ಕಲಿಸಿದ್ರಿ. ಈಗ ಬರುತ್ತೆ. ನಾಳೆ ಬೆಳಗ್ಗೆ ಒಲೆ ಮುಂದೆ ಕೂರ್ತೀನಿ. ಅಲ್ಲಿ ಕೂತ್ಕೊಂಡು ಇದನ್ನ ಏನು ಮಾಡ್ಲಿ? ಅದೊಂದು ಹೇಳಿಬಿಡಿ ಮೇಡಂ."

ಅಂಬಿಗ ಹುಟ್ಟು ಹಿಡಿದು ಕಾಯುತ್ತಿದ್ದ. ಮೇಡಂ ನೀರನ್ನು ನೋಡಿದರು. ಅವಳ ಮುಖವನ್ನು ನೋಡಿದರು.

"ಅದನ್ನ ನನಗೂ ಯಾರೂ ಹೇಳಿಕೊಡಲಿಲ್ಲ," ಅಂದರು.